ಕೆನಡಾದ ಇಮಿಗ್ರೇಶನ್ ವಕೀಲರು: ಯಾವ ಕೆಲಸಕ್ಕೆ ಫೀಸು ಕೊಡಬೇಕು, ಯಾವುದಕ್ಕೆ ಬೇಡ

ಕೆನಡಾದ ಪಿಆರ್ (ಕಾಯಂ ವಾಸದ ಹಕ್ಕು) ಇರಲಿ, ವರ್ಕ್ ಪರ್ಮಿಟ್ ಇರಲಿ, ನಿರಾಶ್ರಿತರ ಅರ್ಜಿ ಇರಲಿ, ‘ಮೊದಲು ಒಬ್ಬ ಒಳ್ಳೇ ಲಾಯರ್ ಹಿಡೀರಿ’ ಎಂಬ ಸಲಹೆ ಬ್ರಾಂಪ್ಟನ್‌ನಲ್ಲೂ ಸಿಗುತ್ತದೆ, ಬೆಂಗಳೂರಿನಲ್ಲೂ ಸಿಗುತ್ತದೆ. ಆದರೆ ಇವು ಮೂರೂ ಬೇರೆ ಬೇರೆ ಕೆಲಸ. ಒಂದರಲ್ಲಿ ವಕೀಲರ ಕಚೇರಿ ಮಾಡಿಕೊಡುವುದು ಬಹುಪಾಲು ಫಾರಂ ತುಂಬುವ ಕೆಲಸ, ಅದನ್ನು ಓದುಬರಹ ಬಲ್ಲ ಯಾರೂ ಮಾಡಿಕೊಳ್ಳಬಹುದು. ಇನ್ನೊಂದರಲ್ಲಿ ವಕೀಲರಿಲ್ಲದೆ ಹೋದರೆ ಪ್ರಾಣಭಯ ಇರುವ ಮನುಷ್ಯನೇ ವಾಪಸ್ ಹೋಗಬೇಕಾಗಬಹುದು. ಹಾಗಾಗಿ ಈ ಸೇವೆಯನ್ನು ಬಿಡಿಬಿಡಿಯಾಗಿ ನೋಡಿಯೇ ಬೆಲೆ ಕಟ್ಟಬೇಕು.

ಮೊದಲು, ಹಣ ತೆಗೆದುಕೊಂಡು ಸಲಹೆ ಕೊಡುವ ಹಕ್ಕು ಯಾರಿಗಿದೆ? ಕೆನಡಾದ ವಲಸೆ ಕಾಯ್ದೆಯ 91ನೇ ಸೆಕ್ಷನ್ ಇದನ್ನು ಬಿಗಿಯಾಗಿ ಹೇಳುತ್ತದೆ. ಪ್ರಾಂತ್ಯದ ಲಾ ಸೊಸೈಟಿಯ, ಅಂದರೆ ವಕೀಲರನ್ನು ನಿಯಂತ್ರಿಸುವ ಸಂಸ್ಥೆಯ, ಸದಸ್ಯರಾದ ವಕೀಲರು ಮತ್ತು ಪ್ಯಾರಾಲೀಗಲ್‌ಗಳು, ಕ್ವಿಬೆಕ್‌ನ ನೋಟರಿಗಳು, ಮತ್ತು ಲೈಸೆನ್ಸ್ ಇರುವ ಕನ್ಸಲ್ಟೆಂಟ್‌ಗಳು, ಅಂದರೆ ಆರ್‌ಸಿಐಸಿಗಳು. ಈ ಕನ್ಸಲ್ಟೆಂಟ್‌ಗಳನ್ನು ನೋಡಿಕೊಳ್ಳುವ ‘ಕಾಲೇಜು’ ಎಂಬ ನಿಯಂತ್ರಣ ಸಂಸ್ಥೆ 2021ರ ನವೆಂಬರ್‌ನಲ್ಲಿ ಆರಂಭವಾಯಿತು. ಅದರ ಸಾರ್ವಜನಿಕ ಪಟ್ಟಿಯಲ್ಲಿ ಹೆಸರು ಹುಡುಕಿದರೆ ಲೈಸೆನ್ಸ್ ಚಾಲ್ತಿಯಲ್ಲಿದೆಯೇ, ಅಮಾನತಾಗಿದೆಯೇ ಎಂದು ತಿಳಿಯುತ್ತದೆ. ವಕೀಲರಾದರೆ ಆಯಾ ಲಾ ಸೊಸೈಟಿಯ ಪಟ್ಟಿ. ಎರಡೂ ಉಚಿತ, ಐದು ನಿಮಿಷದ ಕೆಲಸ, ಆದರೂ ಹೆಚ್ಚಿನವರು ಇದನ್ನು ದುಡ್ಡು ಕೊಟ್ಟ ಮೇಲೆ ಮಾಡುತ್ತಾರೆ.

ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು. ಬೆಂಗಳೂರಿನ ಕೆಲವು ಏಜೆನ್ಸಿಗಳು ಕೆನಡಾದ ಯಾವುದೋ ಕನ್ಸಲ್ಟೆಂಟ್‌ನ ನಂಬರನ್ನು ಬೋರ್ಡಿನ ಮೇಲೆ ಹಾಕಿಕೊಂಡಿರುತ್ತವೆ, ನಿಮ್ಮ ಫೈಲನ್ನು ಮುಟ್ಟುವವರು ಮಾತ್ರ ಬೇರೆ. ಆ ನಂಬರಿನ ವ್ಯಕ್ತಿಯೊಂದಿಗೇ ವಿಡಿಯೋ ಕಾಲ್‌ನಲ್ಲಿ ಮಾತಾಡಬೇಕು, ಒಪ್ಪಂದದ ಮೇಲೆ ಅವರದೇ ಸಹಿ ಇರಬೇಕು, ಐಎಂಎಂ 5476 ಎಂಬ ಪ್ರತಿನಿಧಿ ಫಾರಂನಲ್ಲಿ ಅವರದೇ ಹೆಸರಿರಬೇಕು. ‘ಆ ಫಾರಂ ಬೇಡ, ನೀವೇ ಅರ್ಜಿ ಹಾಕಿದ ಹಾಗೆ ತೋರಿಸೋಣ’ ಅನ್ನುವವರಿಂದ ಅಲ್ಲೇ ಎದ್ದು ಬನ್ನಿ. ಅವರು ನಾಳೆ ಸುಳ್ಳು ದಾಖಲೆ ಸೇರಿಸಿದರೂ ವಲಸೆ ಇಲಾಖೆಯ ಕಣ್ಣಿಗೆ ಕಾಣುವುದು ನೀವೊಬ್ಬರೇ. ಅದೇ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಸುಳ್ಳು ಮಾಹಿತಿಗೆ ಐದು ವರ್ಷ ಪ್ರವೇಶ ನಿಷೇಧ, ‘ಏಜೆಂಟ್ ಮಾಡಿದ್ದು, ನನಗೆ ಗೊತ್ತಿರಲಿಲ್ಲ’ ಎಂಬ ವಾದ ಸಾಮಾನ್ಯವಾಗಿ ನಿಲ್ಲುವುದಿಲ್ಲ. 2023ರಲ್ಲಿ ನಕಲಿ ಕಾಲೇಜು ಪತ್ರಗಳ ಮೇಲೆ ಬಂದಿದ್ದ ಭಾರತೀಯ ವಿದ್ಯಾರ್ಥಿಗಳು ಗಡೀಪಾರಿನ ಅಂಚಿಗೆ ಹೋಗಿದ್ದು ಹೀಗೆಯೇ. ಸರ್ಕಾರ ತನಿಖಾ ತಂಡ ರಚಿಸಿ ಒಬ್ಬೊಬ್ಬರ ಪ್ರಕರಣವನ್ನೂ ಬೇರೆಯಾಗಿ ನೋಡಬೇಕಾಯಿತು.

ಈಗ ಎಕ್ಸ್‌ಪ್ರೆಸ್ ಎಂಟ್ರಿಯ, ಅಂದರೆ ಅಂಕಗಳ ಮೇಲೆ ಆಯ್ಕೆ ಮಾಡುವ ಪದ್ಧತಿಯ, ಪಿಆರ್. ಫೀಸಿಗೆ ತಕ್ಕ ಕೆಲಸ ಅತಿ ಕಡಿಮೆ ಸಿಗುವುದು ಇಲ್ಲಿ. ಅಂಕಗಳನ್ನು ಲೆಕ್ಕ ಹಾಕುವುದು ಕಂಪ್ಯೂಟರ್, ವಕೀಲರು ಒಂದು ಅಂಕವನ್ನೂ ಹೆಚ್ಚಿಸಲಾರರು. 2024ರ ಏಪ್ರಿಲ್ ಕೊನೆಯಲ್ಲಿ ಪರಿಷ್ಕರಿಸಿದ ದರದಲ್ಲಿ ಸರ್ಕಾರಕ್ಕೆ ಕಟ್ಟುವ ಶುಲ್ಕವೇ ಮುಖ್ಯ ಅರ್ಜಿದಾರರಿಗೆ 1,525 ಕೆನಡಾ ಡಾಲರ್ ಇತ್ತು: ಅರ್ಜಿಗೆ 950, ಪಿಆರ್ ಹಕ್ಕಿಗೆ 575. ಬಯೋಮೆಟ್ರಿಕ್ಸ್ ಬೇರೆ. ಅದರ ಮೇಲೆ ಸಾವಿರಾರು ಡಾಲರ್ ಕೊಟ್ಟು ನಿಮ್ಮದೇ ಹೆಸರು, ವಿಳಾಸ, ಪಾಸ್‌ಪೋರ್ಟ್ ನಂಬರ್‌ಗಳನ್ನು ಬೇರೆಯವರಿಂದ ಟೈಪ್ ಮಾಡಿಸುವುದರಲ್ಲಿ ಅರ್ಥವಿಲ್ಲ.

ಫೈಲ್ ಕೆಡುವುದು ಬೇರೆ ಕಡೆ, ಅದೂ ನಮ್ಮ ಐಟಿ ಕಂಪನಿಗಳ ಅನುಭವ ಪತ್ರದಲ್ಲಿ. ಕೆನಡಾ ಕೇಳುವ ಪತ್ರದಲ್ಲಿ ಹುದ್ದೆ, ಅವಧಿ, ವಾರಕ್ಕೆ ಎಷ್ಟು ಗಂಟೆ, ವಾರ್ಷಿಕ ಸಂಬಳ, ಮುಖ್ಯವಾಗಿ ಮಾಡುತ್ತಿದ್ದ ಕೆಲಸಗಳ ವಿವರ ಇರಬೇಕು. ಬೆಂಗಳೂರಿನ ಅನೇಕ ಕಂಪನಿಗಳ ಎಚ್‌ಆರ್ ಕೊಡುವುದು ಹುದ್ದೆ ಮತ್ತು ತಾರೀಕು ಇರುವ ಎರಡು ಸಾಲಿನ ರಿಲೀವಿಂಗ್ ಲೆಟರ್. ಕೆಲಸದ ವಿವರ ಇಲ್ಲದಿದ್ದರೆ ನೀವು ಹೇಳಿಕೊಂಡ ಎನ್‌ಒಸಿ ಕೋಡ್ (ಕೆನಡಾದ ಉದ್ಯೋಗ ಪಟ್ಟಿಯಲ್ಲಿ ನಿಮ್ಮ ಕೆಲಸದ ಸಂಖ್ಯೆ) ನಿಮಗೆ ಹೊಂದುತ್ತದೆ ಎಂದು ಅಧಿಕಾರಿ ನಂಬಲು ಆಧಾರವೇ ಇಲ್ಲ. ಆಗ ಹಳೆಯ ಮ್ಯಾನೇಜರ್ ಛಾಪಾ ಕಾಗದದ ಮೇಲೆ ನೋಟರಿ ಮಾಡಿಸಿ ಕೊಟ್ಟ ಅಫಿಡವಿಟ್, ಸಂಬಳದ ಚೀಟಿಗಳು, ಫಾರಂ 16, ಎಚ್‌ಆರ್‌ಗೆ ನೀವು ಪತ್ರ ಕೇಳಿದ ಮತ್ತು ಅವರು ಕೊಡಲಾಗದು ಎಂದ ಇಮೇಲ್, ಇವೆಲ್ಲವನ್ನೂ ಒಂದು ವಿವರಣಾ ಪತ್ರದೊಂದಿಗೆ ಜೋಡಿಸಬೇಕು. ಎನ್‌ಒಸಿಯ ವಾಕ್ಯಗಳನ್ನು ಹಾಗೇ ನಕಲು ಮಾಡಿದ ಪತ್ರವೂ ಅನುಮಾನ ಹುಟ್ಟಿಸುತ್ತದೆ. ಪಿಆರ್ ಅರ್ಜಿ ಹಾಕಲು ಆಹ್ವಾನ ಬಂದ ಮೇಲೆ 60 ದಿನ ಮಾತ್ರ. ಪತ್ರಗಳನ್ನು ಅದಕ್ಕೂ ಎಷ್ಟೋ ಮೊದಲೇ ತೆಗೆದಿಡಿ.

ಆದ್ದರಿಂದ ಪಿಆರ್‌ಗೆ ನಮ್ಮ ಸಲಹೆ: ಅರ್ಜಿ ನೀವೇ ತುಂಬಿ, ಕಳಿಸುವ ಮೊದಲು ಪೂರ್ತಿ ಫೈಲನ್ನು ಒಮ್ಮೆ ಓದಿ ತಪ್ಪು ಹೇಳುವುದಕ್ಕೆ ಮಾತ್ರ ವಕೀಲರಿಗೆ ಫೀಸು ಕೊಡಿ. ಅನೇಕ ಕಚೇರಿಗಳು ಇದನ್ನು ಮಾಡಿಕೊಡುತ್ತವೆ, ಕೇಳದೆ ಅವರಾಗಿ ಹೇಳುವುದು ಕಡಿಮೆ. ಪೂರ್ತಿ ಜವಾಬ್ದಾರಿ ವಹಿಸಬೇಕಾದ ಸಂದರ್ಭಗಳೂ ಇವೆ: ಹಿಂದೆ ಯಾವುದೇ ದೇಶದ ವೀಸಾ ತಿರಸ್ಕಾರವಾಗಿದ್ದರೆ, ಪೊಲೀಸ್ ಕೇಸ್ ಇದ್ದರೆ, ವಿಚ್ಛೇದನದ ನಂತರ ಮಗುವನ್ನು ಕರೆದೊಯ್ಯಬೇಕಿದ್ದರೆ. ಹತ್ತು ವರ್ಷದ ಹಿಂದಿನ ಅಮೆರಿಕ ವೀಸಾ ನಿರಾಕರಣೆಯನ್ನು ಮರೆತು ‘ಇಲ್ಲ’ ಎಂದು ಟಿಕ್ ಮಾಡಿ 40ನೇ ಸೆಕ್ಷನ್‌ಗೆ ಸಿಕ್ಕಿಬೀಳುವವರು ಬಹಳ. ಕುಡಿದು ಗಾಡಿ ಓಡಿಸಿದ ಕೇಸನ್ನು ನಮ್ಮಲ್ಲಿ ದಂಡ ಕಟ್ಟಿ ಮರೆಯುತ್ತಾರೆ. ಕೆನಡಾದಲ್ಲಿ 2018ರ ಡಿಸೆಂಬರ್‌ನಿಂದ ಅದು ಗಂಭೀರ ಅಪರಾಧದ ಸಾಲಿಗೆ ಸೇರಿದೆ.

ವರ್ಕ್ ಪರ್ಮಿಟ್‌ನಲ್ಲಿ ಕಂಪನಿಯೇ ವಕೀಲರನ್ನು ಕೊಟ್ಟಿರುತ್ತದೆ, ಖರ್ಚಿಲ್ಲವೆಂದು ಖುಷಿಯಾಗುತ್ತದೆ. ಆದರೆ ಕಂಪನಿ ಮತ್ತು ನಿಮ್ಮ ಹಿತ ಬೇರೆಯಾದ ದಿನ ಅವರು ಯಾರ ಪರ? ‘ನೀವು ನನ್ನನ್ನೂ ಪ್ರತಿನಿಧಿಸುತ್ತೀರಾ?’ ಎಂದು ಇಮೇಲ್‌ನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ಎಲ್‌ಎಂಐಎ, ಅಂದರೆ ವಿದೇಶಿ ಕೆಲಸಗಾರರನ್ನು ತರಲು ಮಾಲೀಕರು ಪಡೆಯುವ ಸರ್ಕಾರಿ ಒಪ್ಪಿಗೆ, ಅದರ ಅರ್ಜಿಯ 1,000 ಡಾಲರ್ ಶುಲ್ಕ ಮಾಲೀಕರದು, ಅದನ್ನು ಕೆಲಸಗಾರರಿಂದ ವಸೂಲಿ ಮಾಡುವಂತಿಲ್ಲ. ಎಲ್‌ಎಂಐಎಯನ್ನು ದುಡ್ಡಿಗೆ ಮಾರುವ ದಂಧೆ ಬೆಳೆದಿದ್ದರಿಂದಲೇ 2025ರ ಮಾರ್ಚ್ 25ರಿಂದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಜಾಬ್ ಆಫರ್‌ಗೆ ಇದ್ದ ಅಂಕಗಳನ್ನು ತೆಗೆದುಹಾಕಿದರು. ಆ ಅಂಕಗಳ ಆಸೆ ತೋರಿಸಿ ಈಗಲೂ ಯಾರಾದರೂ ಎಲ್‌ಎಂಐಎ ಮಾರಲು ಬಂದರೆ ಅದು ಮೋಸ. ಪರ್ಮಿಟ್ ಮುಗಿಯುವ ಮೊದಲೇ ವಿಸ್ತರಣೆಗೆ ಅರ್ಜಿ ಹಾಕಿದರೆ ತೀರ್ಮಾನ ಬರುವವರೆಗೆ ಅದೇ ಷರತ್ತುಗಳಲ್ಲಿ ಕೆಲಸ ಮುಂದುವರಿಸಬಹುದು. ಮುಗಿದ ಮೇಲಾದರೆ ಸ್ಟೇಟಸ್ ಮರಳಿ ಪಡೆಯಲು 90 ದಿನ, ಆ ಅವಧಿಯಲ್ಲಿ ಕೆಲಸ ಮಾಡುವಂತಿಲ್ಲ. ಮಾಲೀಕ ಹಿಂಸೆ ಕೊಡುತ್ತಿದ್ದರೆ, ಸಂಬಳ ಹಿಡಿದಿಟ್ಟುಕೊಂಡಿದ್ದರೆ, ಅಂಥ ಕೆಲಸಗಾರರಿಗಾಗಿಯೇ 2019ರಿಂದ ಬೇರೆ ಓಪನ್ ವರ್ಕ್ ಪರ್ಮಿಟ್ (ಒಬ್ಬ ಮಾಲೀಕರಿಗೇ ಕಟ್ಟಿಹಾಕದ ಪರ್ಮಿಟ್) ಇದೆ. ಇದಕ್ಕೆ ಕಂಪನಿಯ ವಕೀಲರ ಬಳಿ ಹೋಗಬೇಡಿ, ಸಮುದಾಯದ ಉಚಿತ ಕಾನೂನು ಕ್ಲಿನಿಕ್‌ಗೆ ಹೋಗಿ.

ಅರ್ಜಿ ತಿರಸ್ಕಾರವಾದಾಗ ಒಳ್ಳೆಯ ವಕೀಲರು ಮೊದಲು ಅಧಿಕಾರಿಯ ಟಿಪ್ಪಣಿ, ಅಂದರೆ ಜಿಸಿಎಂಎಸ್ ನೋಟ್ಸ್ ತರಿಸುತ್ತಾರೆ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 5 ಡಾಲರ್. ಅದನ್ನು ಓದದೆ ‘ಮತ್ತೆ ಹಾಕೋಣ’ ಅನ್ನುವವರು ಅದೇ ತಪ್ಪಿಗೆ ಎರಡನೇ ಫೀಸು ಕೇಳುತ್ತಿದ್ದಾರೆ. ಫೆಡರಲ್ ಕೋರ್ಟಿಗೆ ಹೋಗುವುದಾದರೆ ಕೆನಡಾದೊಳಗಿನ ತೀರ್ಮಾನಕ್ಕೆ 15 ದಿನ, ಹೊರಗಿನದಕ್ಕೆ 60 ದಿನ. ಇಲ್ಲಿ ಕನ್ಸಲ್ಟೆಂಟ್ ವಾದಿಸುವಂತಿಲ್ಲ, ವಕೀಲರೇ ಆಗಬೇಕು. ಗೆದ್ದರೂ ಕೋರ್ಟ್ ವೀಸಾ ಕೊಡುವುದಿಲ್ಲ, ಫೈಲನ್ನು ಬೇರೆ ಅಧಿಕಾರಿಗೆ ವಾಪಸ್ ಕಳಿಸುತ್ತದೆ. ಇದನ್ನು ಮೊದಲೇ ಬಿಡಿಸಿ ಹೇಳುವ ವಕೀಲರನ್ನು ನಂಬಬಹುದು.

ಒಪ್ಪಂದದಲ್ಲಿ ನೋಡಬೇಕಾದದ್ದು: ಒಟ್ಟು ಫೀಸೋ ಗಂಟೆಯ ಲೆಕ್ಕವೋ, ಇಲಾಖೆಯಿಂದ ಪ್ರೊಸೀಜರಲ್ ಫೇರ್‌ನೆಸ್ ಲೆಟರ್ (ತಿರಸ್ಕರಿಸುವ ಮೊದಲು ಅನುಮಾನ ತಿಳಿಸಿ ವಿವರಣೆ ಕೇಳುವ ಪತ್ರ) ಬಂದರೆ ಉತ್ತರ ಬರೆಯುವುದು ಅದರಲ್ಲೇ ಸೇರಿದೆಯೋ, ಮುಂಗಡ ಹಣ ಟ್ರಸ್ಟ್ ಖಾತೆಯಲ್ಲಿ (ಕಕ್ಷಿದಾರರ ಹಣವನ್ನು ಬೇರೆಯಾಗಿ ಇಡುವ ಖಾತೆ) ಇರುತ್ತದೆಯೋ. ಪಿಆರ್ ಗ್ಯಾರಂಟಿ ಎಂದವರ ಒಪ್ಪಂದವನ್ನು ಓದುವ ಶ್ರಮವೂ ಬೇಡ.

ಇನ್ನು ನಿರಾಶ್ರಿತರ ಪ್ರಕರಣ. ವಕೀಲರ ಸೇವೆಗೆ ಇದಕ್ಕಿಂತ ದೊಡ್ಡ ಬೆಲೆ ಬೇರೆಲ್ಲೂ ಇಲ್ಲ. 1985ರ ಸಿಂಗ್ ಪ್ರಕರಣದಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದಲೇ ಆಶ್ರಯ ಕೇಳುವವರಿಗೆ ಎದುರು ಕೂತು ಹೇಳಿಕೊಳ್ಳುವ ವಿಚಾರಣೆಯ ಹಕ್ಕು ಗಟ್ಟಿಯಾಯಿತು. ಆ ವಿಚಾರಣೆ ನಿಲ್ಲುವುದು ಬೇಸಿಸ್ ಆಫ್ ಕ್ಲೇಮ್ ಎಂಬ ಒಂದು ಫಾರಂ ಮೇಲೆ. ಯಾರು, ಯಾವಾಗ, ಏನು ಮಾಡಿದರು, ಪೊಲೀಸರ ಬಳಿ ಯಾಕೆ ಹೋದಿರಿ ಅಥವಾ ಹೋಗಲಿಲ್ಲ, ಎಲ್ಲವೂ ಅದರಲ್ಲಿರಬೇಕು. ವಿಚಾರಣೆಯ ದಿನ ವಲಸೆ ಮತ್ತು ನಿರಾಶ್ರಿತರ ಬೋರ್ಡಿನ ಸದಸ್ಯರು ಅದನ್ನು ಏರ್‌ಪೋರ್ಟಿನಲ್ಲಿ ಅಧಿಕಾರಿ ಬರೆದುಕೊಂಡಿದ್ದಕ್ಕೂ ನಿಮ್ಮ ಹಳೆಯ ವೀಸಾ ಅರ್ಜಿಗೂ ಹೋಲಿಸಿ ನೋಡುತ್ತಾರೆ. ಫಾರಂನಲ್ಲಿಲ್ಲದ ಘಟನೆ ಬಾಯಲ್ಲಿ ಬಂದರೆ ನಂಬಿಕೆ ಅಲ್ಲೇ ಕುಸಿಯುತ್ತದೆ. ಆದ್ದರಿಂದ ಈ ಕಥನವನ್ನು ವಕೀಲರು ನಿಮ್ಮೊಂದಿಗೆ ಹಲವು ಸಲ ಕೂತು ಬರೆಸಬೇಕು. ಗುಮಾಸ್ತರು ಒಂದೇ ಫೋನ್ ಕಾಲ್‌ನಲ್ಲಿ ಬರೆದುಕೊಂಡರೆ, ಅಥವಾ ಇನ್ನೊಬ್ಬರ ಕಥೆಯನ್ನೇ ಹೆಸರು ಬದಲಿಸಿ ಕೊಟ್ಟರೆ, ಆ ಕಚೇರಿ ಬಿಟ್ಟುಬಿಡಿ.

ಭಾರತದಿಂದ ಬಂದವರ ಅರ್ಜಿಗಳು ಬಹಳ ಸಲ ಬೀಳುವುದು ಒಂದೇ ಪ್ರಶ್ನೆಗೆ: ನಿಮ್ಮ ಊರಿನಲ್ಲಿ ಅಪಾಯವಿದ್ದರೆ ಮುಂಬೈಗೋ ದೆಹಲಿಗೋ ಬೆಂಗಳೂರಿಗೋ ಹೋಗಿ ಬದುಕಬಹುದಲ್ಲ? ಇದಕ್ಕೆ ‘ಭಯ ಆಗುತ್ತದೆ’ ಎಂಬ ಉತ್ತರ ಸಾಲದು. ಬೆದರಿಸುವವರಿಗೆ ನಿಮ್ಮನ್ನು ಅಲ್ಲೂ ಹುಡುಕುವ ಶಕ್ತಿ ಇದೆ, ಇಚ್ಛೆಯೂ ಇದೆ ಎಂದು ತೋರಿಸಬೇಕು, ಅಥವಾ ಅಲ್ಲಿ ನೆಲೆಸುವುದು ನಿಮ್ಮ ಸ್ಥಿತಿಯಲ್ಲಿ ಆಗದ ಮಾತು ಎಂದು ತೋರಿಸಬೇಕು. ಬಾಡಿಗೆದಾರರ ಪೊಲೀಸ್ ಪರಿಶೀಲನೆಯಿಂದ ವಿಳಾಸ ಪತ್ತೆಯಾಗುವ ಸಾಧ್ಯತೆ, ಮನೆಯವರಿಗೆ ಬಂದ ಬೆದರಿಕೆಯ ತಾರೀಕುಗಳು, ಒಂಟಿ ಹೆಂಗಸಿಗೆ ಮನೆ ಮತ್ತು ಕೆಲಸ ಸಿಗುವ ಕಷ್ಟ, ಇಂಥ ಪುರಾವೆ ಒಟ್ಟುಮಾಡುವುದರಲ್ಲೇ ವಕೀಲರ ಕಸುಬು ಗೊತ್ತಾಗುವುದು.

ದಾಖಲೆಗಳು ವಿಚಾರಣೆಗೆ 10 ದಿನ ಮೊದಲೇ ಬೋರ್ಡಿಗೆ ತಲುಪಬೇಕು. ಕನ್ನಡದ ಎಫ್‌ಐಆರ್ ಇದ್ದರೆ ಇಂಗ್ಲಿಷ್ ಅಥವಾ ಫ್ರೆಂಚ್ ಅನುವಾದ, ಜೊತೆಗೆ ಅನುವಾದಕರ ಘೋಷಣೆ ಬೇಕು. ದುಭಾಷಿಯನ್ನು ಬೋರ್ಡೇ ಉಚಿತವಾಗಿ ಕೊಡುತ್ತದೆ. ಕನ್ನಡ ಎಂದಷ್ಟೇ ಅಲ್ಲ, ನಿಮ್ಮ ಕಡೆಯ ಮಾತು ಯಾವುದೆಂದೂ ಫಾರಂನಲ್ಲಿ ಬರೆಯಲು ಜಾಗವಿದೆ, ಬರೆಯಿರಿ. ಹಣವಿಲ್ಲದವರು ಒಂಟಾರಿಯೋದಲ್ಲಿ ಲೀಗಲ್ ಏಡ್ ಸರ್ಟಿಫಿಕೇಟ್‌ಗೆ (ವಕೀಲರ ಫೀಸನ್ನು ಕಾನೂನು ನೆರವು ಸಂಸ್ಥೆ ಭರಿಸುವ ಪತ್ರ) ಅರ್ಜಿ ಹಾಕಿ, ಅದನ್ನು ಒಪ್ಪುವ ವಕೀಲರನ್ನು ತಾವೇ ಆರಿಸಿಕೊಳ್ಳಬಹುದು. ವಿಚಾರಣೆಯಲ್ಲಿ ಸೋತರೆ ಮೇಲ್ಮನವಿಯ ನೋಟಿಸಿಗೆ 15 ದಿನ, ಅಲ್ಲಿ ನಿಮ್ಮ ಹೊಸ ಪುರಾವೆ ಸೇರುವುದು ತೀರ್ಪಿನ ನಂತರ ಹುಟ್ಟಿದ್ದಾದರೆ ಅಥವಾ ಮೊದಲು ಸಿಗುವಂತಿರಲಿಲ್ಲ, ಕೊಡುವಂತಿರಲಿಲ್ಲ ಎಂದಾದರೆ ಮಾತ್ರ. ಹಾಗಾಗಿ ವಿಚಾರಣೆಗೆ ಒಪ್ಪಿಕೊಂಡ ವಕೀಲರು ಮೇಲ್ಮನವಿಯನ್ನೂ ನಡೆಸುತ್ತಾರೆಯೇ, ಅದಕ್ಕೆ ಬೇರೆ ಸರ್ಟಿಫಿಕೇಟ್ ಬೇಕೇ ಎಂಬುದನ್ನು ಮೊದಲ ಭೇಟಿಯಲ್ಲೇ ಕೇಳಿ ಬರೆಸಿಕೊಳ್ಳಿ.