ಸಿಸ್ಟೀನ್ ಚಾಪೆಲ್: ‘ಅಂತಿಮ ತೀರ್ಪಿನ’ ಎದುರು ಅರ್ಧ ಗಂಟೆ

ವ್ಯಾಟಿಕನ್ ಮ್ಯೂಸಿಯಂನ ಉದ್ದನೆಯ ಹಜಾರಗಳನ್ನು ದಾಟಿ ಪೋಪರ ಪ್ರಾರ್ಥನಾಲಯವಾದ ಸಿಸ್ಟೀನ್ ಚಾಪೆಲ್ ತಲುಪಿದವರು ಒಳಗೆ ಬರುವ ಚಿಕ್ಕ ಬಾಗಿಲು ಬಲಿಪೀಠದ ಗೋಡೆಯಲ್ಲೇ ಇರುವುದರಿಂದ, ಇಟಲಿಯ ಕಲಾವಿದ ಮೈಕೆಲೆಂಜೆಲೊ 1536ರಿಂದ 1541ರವರೆಗೆ ಅದೇ ಗೋಡೆಯ ಮೇಲೆ ಬಿಡಿಸಿದ, ಲೋಕಾಂತ್ಯದಲ್ಲಿ ಕ್ರಿಸ್ತನು ಎಲ್ಲರಿಗೂ ತೀರ್ಪು ನೀಡುವ ದೃಶ್ಯದ ‘ಅಂತಿಮ ತೀರ್ಪು’ ಚಿತ್ರ ಮೊದಲು ಅವರ ಬೆನ್ನ ಹಿಂದೆ ಉಳಿಯುತ್ತದೆ. ಎಲ್ಲರಂತೆ ನಾನೂ ಮೊದಲು ಛಾವಣಿಯತ್ತ ಕತ್ತೆತ್ತಿದೆ. ನಾಲ್ಕು ಹೆಜ್ಜೆ ನಡೆದು ತಿರುಗಿದಾಗ, ಮುನ್ನೂರಕ್ಕೂ ಹೆಚ್ಚು ಆಕೃತಿಗಳು ತುಂಬಿದ ಆ ಗೋಡೆಯನ್ನು ಕಂಡು ಕೈಗಳು ತಾವಾಗಿಯೇ ಜೋಡಿಸಿಕೊಂಡವು.

ಗಡ್ಡವಿಲ್ಲದ ಯುವಕನಂತಿರುವ ಕ್ರಿಸ್ತನು ಬಲಗೈ ಎತ್ತಿದ್ದಾನೆ. ಬೇರೆಡೆ ಪಾಪಿಗಳ ಪರವಾಗಿ ಕೈಮುಗಿದು ಬೇಡುವ ಮಾತೆ ಮರಿಯಮ್ಮ ಇಲ್ಲಿ ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡಿದ್ದಾಳೆ. ಬೇಡುವ ಕಾಲ ಮುಗಿದಿದೆಯೆಂದೇ ನಾನು ಅದನ್ನು ಅರ್ಥೈಸಿಕೊಂಡೆ. ಅವರ ಕೆಳಗೆ ತುತ್ತೂರಿ ಊದುವ ದೇವದೂತರ ಬಳಿ ಎರಡು ಪುಸ್ತಕಗಳಿವೆ: ರಕ್ಷಣೆ ಪಡೆದವರದು ಚಿಕ್ಕದು, ದಂಡನೆಗೆ ಗುರಿಯಾದವರದು ದೊಡ್ಡದು. ಇಡೀ ಗೋಡೆಯಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ್ದು ಆ ಗಾತ್ರದ ವ್ಯತ್ಯಾಸ. ಒಂದು ಕಡೆ ಜಪಸರವನ್ನು ಹಿಡಿದ ಇಬ್ಬರನ್ನು ಮೇಲಕ್ಕೆ ಎಳೆದುಕೊಳ್ಳಲಾಗುತ್ತಿದ್ದರೆ, ಇನ್ನೊಂದು ಕಡೆ ಹಣದ ಚೀಲದ ಸಮೇತ ಒಬ್ಬನು ತಲೆಕೆಳಗಾಗಿ ಬೀಳುತ್ತಿದ್ದಾನೆ. ಅಲ್ಲೇ ಸಮೀಪದಲ್ಲಿ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ತೆರೆದ ಇನ್ನೊಂದು ಕಣ್ಣಿನಿಂದ ತನ್ನ ಗತಿಯನ್ನು ನೋಡುತ್ತಿರುವವನ ಮುಖದಲ್ಲಿ, ಶಿಕ್ಷೆಯ ಭಯಕ್ಕಿಂತ ತಾನು ಮಾಡಿದ್ದು ಕೊನೆಗೂ ತನಗೇ ತಿಳಿದುಬಂದ ಭೀತಿಯಿದೆ.

ನರಕದ ಬಾಯಿ ಇರುವುದು ಬಲಿಪೀಠದ ನೇರ ಮೇಲ್ಗಡೆ, ಪೂಜೆ ಅರ್ಪಿಸುವ ಗುರುವಿನ ಕಣ್ಣೆದುರಿಗೇ. ಹೊಸ ಪೋಪರನ್ನು ಆರಿಸುವಾಗ ಹಿರಿಯ ಧರ್ಮಾಧಿಕಾರಿಗಳಾದ ಕಾರ್ಡಿನಲ್‌ಗಳು, ತಮಗೆ ತೀರ್ಪು ನೀಡಲಿರುವ ಕ್ರಿಸ್ತನನ್ನೇ ಸಾಕ್ಷಿಯಾಗಿ ಕರೆದು ಮತ ಹಾಕುವುದೂ ಈ ಚಿತ್ರದ ಎದುರಿನಲ್ಲೇ. ತೀರ್ಪು ಮೊದಲು ದೇವರ ಮನೆಯವರಿಗೇ ಎಂಬುದನ್ನು ಇಷ್ಟು ನಿಷ್ಠುರವಾಗಿ ಹೇಳುವ ಇನ್ನೊಂದು ಗೋಡೆಯನ್ನು ನಾನು ನೋಡಿಲ್ಲ.

ಚಾಪೆಲಿನೊಳಗೆ ಮೌನ ಪಾಲಿಸಬೇಕಾದ್ದರಿಂದ ಮಾರ್ಗದರ್ಶಿಗಳು ವಿವರಣೆಯನ್ನು ಹೊರಗೇ ಮುಗಿಸುತ್ತಾರೆ. ನಮ್ಮ ತಂಡದ ಮಾರ್ಗದರ್ಶಿ, ಚಿತ್ರವನ್ನು ಹಳಿದ ಪೋಪರ ಅಧಿಕಾರಿಗೆ ಕಲಾವಿದನು ಕತ್ತೆಯ ಕಿವಿ ಬರೆದ ಕಥೆಯನ್ನೂ, ನಗ್ನ ಆಕೃತಿಗಳಿಗೆ ಆಮೇಲೆ ಬಟ್ಟೆ ತೊಡಿಸಿದ ಕಥೆಯನ್ನೂ ವಿಸ್ತಾರವಾಗಿ ಹೇಳಿದರೇ ಹೊರತು ಬೈಬಲಿನ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದ ಹೆಸರನ್ನೇ ಎತ್ತಲಿಲ್ಲ. ಹಸಿದವನಿಗೆ ಅನ್ನ ಕೊಡದವರು, ಪರದೇಶಿಯನ್ನು ಸೇರಿಸಿಕೊಳ್ಳದವರು, ಸೆರೆಯಲ್ಲಿದ್ದವನನ್ನು ನೋಡಲು ಹೋಗದವರು ಕ್ರಿಸ್ತನ ಎಡಗಡೆಗೆ, ದಂಡನೆಗೆ ಗುರಿಯಾದವರ ಸಾಲಿನಲ್ಲಿ ನಿಲ್ಲುತ್ತಾರೆ ಎನ್ನುವ ಆ ಅಧ್ಯಾಯವನ್ನು ಓದದೆ ಹೋದವರಿಗೆ, ಮಾಡಿದ ಕೇಡಿನಷ್ಟೇ ಮಾಡದೆ ಬಿಟ್ಟ ಒಳಿತಿಗೂ ಇಲ್ಲಿ ಲೆಕ್ಕ ಕೇಳಲಾಗುತ್ತಿದೆ ಎಂಬುದು ಹೊಳೆಯುವುದು ಕಷ್ಟ.

ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪು ಕಡ್ಡಾಯ. ಛಾಯಾಚಿತ್ರ ತೆಗೆಯುವಂತಿಲ್ಲ, ಈ ನಿಷೇಧವನ್ನು ನಾನು ಮನಸಾರೆ ಒಪ್ಪುತ್ತೇನೆ. ತಿಂಗಳ ಕೊನೆಯ ಭಾನುವಾರ ಮ್ಯೂಸಿಯಂ ಪ್ರವೇಶ ಉಚಿತವಾದರೂ, ಆ ದಿನದ ನೂಕುನುಗ್ಗಲಿನಲ್ಲಿ ಈ ಚಿತ್ರವನ್ನು ನೋಡುವುದಕ್ಕಿಂತ ಹಣ ತೆತ್ತು ವಾರದ ದಿನ ಬೆಳಗ್ಗೆ ಹೋಗುವುದು ಮೇಲು. ಪಕ್ಕದ ಗೋಡೆಗುಂಟ ಇರುವ ಆಸನದಲ್ಲಿ ಜಾಗ ಸಿಕ್ಕರೆ ಅರ್ಧ ಗಂಟೆಯಾದರೂ ಕುಳಿತುಕೊಳ್ಳಿ, ಮತ್ತು ನೋಡುವವರ ಎಡಕ್ಕಿರುವ ಕೆಳಗಿನ ಮೂಲೆಯಲ್ಲಿ ಸಮಾಧಿಗಳಿಂದ ಏಳುತ್ತಿರುವವರಿಂದ ನೋಡಲು ಆರಂಭಿಸಿ.