ಹಳೆಯ ಸೂಪರ್‌ಕಾರು ನೋಡಲು ವಿದೇಶಕ್ಕೆ ಹೊರಟಿದ್ದೀರಾ? ಅಡ್ವಾನ್ಸ್ ಕಳಿಸುವ ಮೊದಲು ಓದಿ

ಮೊದಲು ಅಡ್ವಾನ್ಸ್, ಆಮೇಲೆ ವೀಸಾ, ಕೊನೆಗೆ ಕಾರು ನೋಡೋದು. ಈ ಲೆಕ್ಕದಲ್ಲಿ ಯಾರಾದರೂ ಯುರೋಪಿಗೆ ಹೊರಟಿದ್ದರೆ ದಯವಿಟ್ಟು ನಿಲ್ಲಿ. ನಮ್ಮ ಬಾವ ಹೀಗೇ ಹೊರಟು 5,000 ಯೂರೋ ಕಳೆದುಕೊಂಡರು. ನಮ್ಮ ದುಡ್ಡಲ್ಲಿ ಹತ್ತಿರ ಹತ್ತಿರ 5 ಲಕ್ಷ. ಇಬ್ಬರ ವಿಮಾನ, ಹೋಟೆಲ್, ವೀಸಾ ಖರ್ಚು ಬೇರೆ. ಕಾರು ಬರಲಿಲ್ಲ. ಬಂದಿದ್ದರೆ ಗತಿ ಇನ್ನೂ ಕೆಡುತ್ತಿತ್ತು.

ಇದನ್ನು ಬರೆಯಲು ಕಾರಣ ಇದೆ. ಕಾಫಿಗೆ ಒಳ್ಳೆ ರೇಟು ಬಂದ ಮೇಲೆ ಕೊಡಗಿನಲ್ಲಿ ಈ ಆಸೆ ಜೋರಾಗಿದೆ. ಜೀಪು, ರ‍್ಯಾಲಿ ಅಂದ್ರೆ ಮೊದಲೇ ಪ್ರಾಣ ಬಿಡುವ ಜನ ನಾವು. ಅದರ ಮೇಲೆ 2025ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹಳೆಯ ಕಾರುಗಳ ಆಮದು ನಿಯಮ ಸಡಿಲಿಸಿತು. ಮೊದಲು 1950ಕ್ಕೂ ಹಿಂದಿನ ಗಾಡಿ ಮಾತ್ರ ಸುಲಭವಾಗಿ ತರಬಹುದಿತ್ತು. ಈಗ 50 ವರ್ಷ ದಾಟಿದ ಗಾಡಿ ತರಬಹುದು. ಅಂದ್ರೆ ಎಪ್ಪತ್ತರ ದಶಕದ ಮೊದಲರ್ಧದ ಇಟಲಿ ಕಾರುಗಳೆಲ್ಲ ಇದ್ದಕ್ಕಿದ್ದಂತೆ ಕೈಗೆಟಕುವಂತೆ ಕಾಣತೊಡಗಿದವು. ಗೋಣಿಕೊಪ್ಪದಲ್ಲಿ, ಪೊನ್ನಂಪೇಟೆಯಲ್ಲಿ ನಾಲ್ಕು ಜನ ಪ್ಲಾಂಟರ್‌ಗಳು ಸೇರಿದರೆ ಇದೇ ಮಾತು.

ಬಾವನ ಮನಸ್ಸು ನಿಂತದ್ದು ಡಿ ಟೊಮಾಸೊ ಪ್ಯಾಂಟೆರಾ ಮೇಲೆ. ಆಯ್ಕೆ ಕೆಟ್ಟದ್ದೇನಲ್ಲ, ಅದನ್ನು ಹೇಳಲೇಬೇಕು. ಇಟಲಿಯ ಮೊಡೆನಾದಲ್ಲಿ 1971ರಿಂದ ತಯಾರಾದ ಕಾರು. ವಿನ್ಯಾಸ ಮಾಡಿದ್ದು ಗಿಯಾ ಎಂಬ ಕಾರು ವಿನ್ಯಾಸ ಕಂಪನಿಯಲ್ಲಿದ್ದ ಟಾಮ್ ಜಾರ್ಡಾ ಎಂಬ ಅಮೆರಿಕದವರು. ಬಾಡಿ ಇಟಲಿಯದು, ಆದರೆ ಸೀಟಿನ ಬೆನ್ನ ಹಿಂದೆ ಕೂತಿರೋದು ಫೋರ್ಡಿನ 5.8 ಲೀಟರ್ ವಿ8, ಅಂದ್ರೆ ಎಂಟು ಸಿಲಿಂಡರಿನ ಎಂಜಿನ್. ಆ ಎಂಜಿನ್ನಿಗೆ ಅಮೆರಿಕದಲ್ಲಿ ಇವತ್ತಿಗೂ ಸಾಮಾನು ಸಿಗುತ್ತೆ, ಫೆರಾರಿ ರೇಟಿಗಲ್ಲ. ಫೆರಾರಿ ಟೆಸ್ಟಾರೋಸ್ಸಾ ಥರ ಟೈಮಿಂಗ್ ಬೆಲ್ಟ್ ಬದಲಿಸಲು ಎಂಜಿನ್ನೇ ಕೆಳಗಿಳಿಸುವ ತಲೆನೋವಿಲ್ಲ, ಇದರಲ್ಲಿರೋದು ಚೈನು. ಎಲ್ಲ ಸೇರಿ ಏಳು ಸಾವಿರಕ್ಕೂ ಜಾಸ್ತಿ ಕಾರು ತಯಾರಾಗಿವೆ, ಹಾಗಾಗಿ ಹುಡುಕಿದರೆ ಸಿಗುತ್ತೆ. ಇದರ ದೊಡ್ಡ ರೋಗ ಒಂದೇ, ತುಕ್ಕು. ಪ್ರತ್ಯೇಕ ಚಾಸಿ ಇಲ್ಲ. ಬಾಡಿಯೇ ಚಾಸಿ. ಆ ಕಾಲದಲ್ಲಿ ತುಕ್ಕಿಗೆ ಸರಿಯಾದ ರಕ್ಷಣೆ ಕೊಟ್ಟಿರಲಿಲ್ಲ. ಬಾಡಿ ತುಕ್ಕು ಹಿಡಿದರೆ ಕಾರಿನ ಬೆನ್ನುಮೂಳೆಯೇ ಹೋದ ಹಾಗೆ.

ಜಾಹೀರಾತು ಇದ್ದದ್ದು ದಕ್ಷಿಣ ಜರ್ಮನಿಯ ಒಂದು ಶೋರೂಮಿನದು. ಹಳದಿ ಬಣ್ಣ, 1974, ಕಡಿಮೆ ಓಡಿದ್ದು, ಬಹಳ ವರ್ಷ ಒಬ್ಬರೇ ಇಟ್ಟುಕೊಂಡು ಚೆನ್ನಾಗಿ ಕಾಪಾಡಿದ್ದು ಅಂತ. ಬೆಲೆ ಲಕ್ಷ ಯೂರೋ ಸಮೀಪ. ಫೋಟೋಗಳು ಮಾತ್ರ ಅದ್ಭುತ. ಒಂದು ವಿಷಯ ನನಗೆ ಆಗಲೇ ಕಣ್ಣಿಗೆ ಬಿದ್ದಿತ್ತು. ಎಲ್ಲ ಫೋಟೋದಲ್ಲೂ ಕಾರು ಒದ್ದೆ. ನೆಂದ ಕಾರಿನಲ್ಲಿ ಬಣ್ಣದ ವ್ಯತ್ಯಾಸ, ಪುಟ್ಟಿ ಉಜ್ಜಿದ ಅಲೆ ಯಾವುದೂ ಕಾಣಲ್ಲ. ಟಿಂಕರಿಂಗ್ ಕೆಲಸ ಗೊತ್ತಿದ್ದವರು ಒಣಗಿದ ಕಾರನ್ನು ಬಿಸಿಲಲ್ಲಿ ಓರೆಯಾಗಿ ನೋಡ್ತಾರೆ.

"ಬಾವ, ಒಣಗಿದ ಮೇಲೆ ತೆಗೆದ ಫೋಟೋ ಕೇಳಿ" ಅಂದೆ. "ಅಲ್ಲೇ ಹೋಗಿ ನೋಡ್ತೀವಲ್ಲ ಮಾರಾಯ, ಸುಮ್ನಿರು" ಅಂದರು. ಅಷ್ಟರಲ್ಲಿ ಶೋರೂಮಿನಿಂದ ಫೋನು. ಬೇರೆ ಗಿರಾಕಿ ಬಂದಿದ್ದಾರೆ, ಕಾರು ತಡೆದಿಡಬೇಕಾದರೆ ಅಡ್ವಾನ್ಸ್ ಬೇಕು, ಇಷ್ಟ ಆಗದಿದ್ದರೆ ವಾಪಸ್ ಕೊಡ್ತೀವಿ ಅಂತ. ಮಾತು ಇಂಗ್ಲಿಷಿನಲ್ಲಿ. ಸಹಿಗೆ ಕಳಿಸಿದ ಎರಡು ಹಾಳೆ ಜರ್ಮನ್ನಿನಲ್ಲಿ. ಬಾವ ಸಹಿ ಹಾಕಿ ದುಡ್ಡು ಕಳಿಸಿಬಿಟ್ಟರು. ಅರೇಬಿಕಾ ಕೊಯ್ಲು ಶುರುವಾಗುವ ಮೊದಲು ಹೋಗಿ ಬರೋಣ ಅಂತ ಟಿಕೆಟೂ ಆಯಿತು. ನಲವತ್ತು ವರ್ಷದ ಜೀಪುಗಳ ಕೆಳಗೆ ಮಲಗಿ ಅಭ್ಯಾಸ ಇದೆ ಅಂತ ನನ್ನನ್ನೂ ಕರೆದುಕೊಂಡರು.

ಶೋರೂಮಿನಲ್ಲಿ ಕಾಫಿ ಕೊಟ್ಟರು (ಬಾವ ಒಂದು ಗುಟುಕು ಕುಡಿದು ಕಪ್ಪು ಕೆಳಗಿಟ್ಟರು). ಕಾರು ಹೊರಗೆ ತಂದು ನಿಲ್ಲಿಸಿದ್ದರು. ನಾನು ಮೊದಲು ಮಾಡಿದ್ದು ಸೈಲೆನ್ಸರ್ ಹತ್ತಿರ ಕೈ ಹಿಡಿದದ್ದು. ಬಿಸಿ ಇತ್ತು. ನೀವು ಬರ್ತೀರಿ ಅಂತ ಒಂದು ರೌಂಡು ಹೋಗಿ ಬಂದೆವು ಎಂದ ಅಲ್ಲಿನ ಸೇಲ್ಸ್‌ಮನ್. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದಾಗ ಬರುವ ನೀಲಿ ಹೊಗೆ, ಮೊದಲ ಕೆಲವು ಸೆಕೆಂಡಿನ ಟಕಟಕ ಸದ್ದು, ಆಯಿಲ್ ಪ್ರೆಶರ್ ಮುಳ್ಳು ಏಳಲು ಹಿಡಿಯುವ ಹೊತ್ತು, ಇದೆಲ್ಲ ಬಿಸಿ ಎಂಜಿನ್ನಿನಲ್ಲಿ ಗೊತ್ತಾಗಲ್ಲ. ಕೊಳ್ಳುವವರು ಬರುವ ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿದ್ದರೆ ನನಗೆ ಅನುಮಾನ ಶುರು. ನಾಳೆ ಬೆಳಗ್ಗೆ ಮತ್ತೆ ಬರ್ತೀವಿ, ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಅಂದೆವು. ನಾಳೆ ಇನ್ನೊಬ್ಬ ಗಿರಾಕಿ ಬರ್ತಾರೆ ಎಂಬ ಉತ್ತರ ಬಂತು. ನಮ್ಮ ಅಡ್ವಾನ್ಸ್ ಇಟ್ಟುಕೊಂಡು ಇನ್ನೊಬ್ಬ ಗಿರಾಕಿ ಹೇಗೆ ಅಂತ ಕೇಳಿದ್ದಕ್ಕೆ ನಕ್ಕ.

ಬಣ್ಣದ ದಪ್ಪ ಅಳೆಯುವ ಪುಟ್ಟ ಮೀಟರ್ ಒಂದನ್ನು ನಾನು ಇಲ್ಲಿಂದಲೇ ಒಯ್ದಿದ್ದೆ. ಕಬ್ಬಿಣದ ಬಾಡಿ ಮೇಲೆ ಇಟ್ಟರೆ ಎಷ್ಟು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಬಣ್ಣ ಇದೆ ಅಂತ ತೋರಿಸುತ್ತೆ. ಮೂಲ ಬಣ್ಣ ಸಾಮಾನ್ಯವಾಗಿ 100ರಿಂದ 150ರ ಆಸುಪಾಸು ಇರುತ್ತೆ. 300 ದಾಟಿದರೆ ಮತ್ತೆ ಬಣ್ಣ ಹೊಡೆದಿದ್ದಾರೆ ಅಂತ ತಿಳಿಯಬಹುದು. 1,000 ದಾಟಿದರೆ ಕೆಳಗೆ ಪುಟ್ಟಿ. ಛಾವಣಿ ಮೇಲೆ ಚೆನ್ನಾಗೇ ತೋರಿಸಿತು. ಬಾಗಿಲ ಮೇಲ್ಭಾಗವೂ ಪರವಾಗಿಲ್ಲ. ಬಾಗಿಲ ಕೆಳಗಿನ ಒಂದು ಗೇಣು ಜಾಗಕ್ಕೆ ಬಂದಾಗ 1,500 ದಾಟಿತು. ಹಿಂದಿನ ಚಕ್ರದ ಕಮಾನಿನ ಹತ್ತಿರ ಮೀಟರ್ ಅಂಕಿಯನ್ನೇ ತೋರಿಸಲಿಲ್ಲ. ಅಷ್ಟು ದಪ್ಪ ಪುಟ್ಟಿಯ ಕೆಳಗೆ ಕಬ್ಬಿಣ ಎಲ್ಲಿದೆ ಅಂತ ಅದಕ್ಕೂ ಗೊತ್ತಾಗಲಿಲ್ಲ.

ಲಿಫ್ಟ್ ಮೇಲೆ ಎತ್ತಿ ಅಂದರೆ ಇನ್ಶೂರೆನ್ಸ್ ಒಪ್ಪಲ್ಲ ಅಂದ. ಸರಿ, ಜಾಕೆಟ್ ಹಾಸಿಕೊಂಡು ಟಾರ್ಚ್ ಹಿಡಿದು ಮಲಗಿದೆ. ಕಾರಿನ ಎತ್ತರವೇ 1.1 ಮೀಟರ್, ಕೆಳಗೆ ತಲೆ ತೂರಿಸೋದೂ ಕಷ್ಟ. ಕಂಡದ್ದು ಹೊಸದಾಗಿ ಬಳಿದ ಕಪ್ಪು ಅಂಡರ್‌ಕೋಟ್, ಅಂದ್ರೆ ತುಕ್ಕು ತಡೆಯಲು ಕಾರಿನ ಅಡಿಗೆ ಬಳಿಯುವ ಲೇಪ. ಡಾಂಬರಿನ ವಾಸನೆ ಇನ್ನೂ ಹೋಗಿರಲಿಲ್ಲ. ಐವತ್ತು ವರ್ಷದ ಕಾರಿನ ಹೊಟ್ಟೆ ಹೊಸದಾಗಿ ಕಪ್ಪಾಗಿದ್ದರೆ ಏನನ್ನೋ ಮುಚ್ಚಿದ್ದಾರೆ ಅಂತಲೇ ನನ್ನ ಲೆಕ್ಕ. ಜಾಕ್ ಕೊಡುವ ಜಾಗದಲ್ಲಿ ಹೆಬ್ಬೆರಳು ಒತ್ತಿದೆ. ಒಳಗೆ ಹೋಯಿತು. ಪಕ್ಕಕ್ಕೆ ಉಗುರು ಹಾಕಿದರೆ ಕಪ್ಪು ಸಿಪ್ಪೆ ಎದ್ದು ಬಂತು, ಅದರ ಹಿಂದೆ ಕಂದು ಪುಡಿ ಕಣ್ಣ ಮೇಲೆಯೇ ಉದುರಿತು. ಫೋನಿನಲ್ಲಿ ಫೋಟೋ ತೆಗೆದುಕೊಂಡೆ.

ಟೈರು ನೋಡಲು ಯಾವ ಮೀಟರೂ ಬೇಡ. ಡಿಒಟಿ ಅಂತ ಬರೆದ ಸಾಲಿನ ಕೊನೆಯ ನಾಲ್ಕು ಅಂಕಿ ಓದಿದರೆ ಸಾಕು, ಮೊದಲೆರಡು ವಾರ, ಕೊನೆಯೆರಡು ವರ್ಷ. ಇದರಲ್ಲಿ 1109 ಇತ್ತು. ಅಂದ್ರೆ 2009ರ 11ನೇ ವಾರ. ಅಷ್ಟು ವರ್ಷ ಟೈರು ಬದಲಿಸದ ಕಾರು ಬಹುಪಾಲು ನಿಂತೇ ಇತ್ತು ಅಂತಾಯಿತು. ನಿಂತ ಕಾರನ್ನು ‘ಕಾಪಾಡಿದ್ದು’ ಅಂತ ಮಾರುವ ವ್ಯಾಪಾರ ಇದು. ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ಬಿಟ್ಟ ಜೀಪು ಏನಾಗುತ್ತೆ ಅಂತ ಕೊಡಗಿನವರಿಗೆ ಹೇಳಿಕೊಡಬೇಕಾ? ಬ್ರೇಕ್ ಹಿಡಿದುಕೊಳ್ಳುತ್ತೆ, ಕ್ಲಚ್ ಪ್ಲೇಟ್ ಅಂಟಿಕೊಳ್ಳುತ್ತೆ, ಸೀಟಿಗೆ ಬೂಸ್ಟು, ವೈರಿಗೆ ಇಲಿ. ಮೀಟರಿನಲ್ಲಿ ಕಡಿಮೆ ಕಿಲೋಮೀಟರ್ ಇದ್ದ ಮಾತ್ರಕ್ಕೆ ಕಾರು ಒಳ್ಳೆಯದಲ್ಲ. ಆ ಕಾಲದ ಎಷ್ಟೋ ಕಾರುಗಳ ಮೀಟರಿಗೆ ಐದೇ ಅಂಕಿ, 99,999 ಆದ ಮೇಲೆ ಮತ್ತೆ ಸೊನ್ನೆಯಿಂದ ಶುರು. ಸರ್ವಿಸ್ ಬಿಲ್ಲು, ಹಳೆಯ ತಪಾಸಣೆ ಚೀಟಿಗಳಲ್ಲಿ ವರ್ಷವಾರು ಕಿಲೋಮೀಟರ್ ಬರೆದಿದ್ದರೆ ಮಾತ್ರ ನಂಬಬಹುದು. ಇವರ ಫೈಲಿನಲ್ಲಿ ಅಂಥದ್ದು ಇರಲೇ ಇಲ್ಲ. ಫಳಫಳ ಹೊಳೆಯುವ ಫೋಟೋ ಆಲ್ಬಮ್ ಇತ್ತು.

ಇಷ್ಟಾದ ಮೇಲೂ ಬಾವ ಚೌಕಾಸಿಗೆ ಇಳಿದರು. ಇದನ್ನೇ ನಾನು ಒತ್ತಿ ಹೇಳಬೇಕು ಅಂತಿರೋದು. ಮೂರ್ನಾಡಿನಲ್ಲಿ ಒಂದು ಹಳೆ ಗಾಡಿ ನೋಡಲು ಹೋಗಿ ಇಷ್ಟ ಆಗದಿದ್ದರೆ ಬಾವ ಎರಡು ನಿಮಿಷದಲ್ಲಿ ಎದ್ದು ಬರುವವರು. ಅಲ್ಲಿ ಏಳಲಿಲ್ಲ. ವೀಸಾಕ್ಕೆ ಅಲೆದಿದ್ದೀವಿ, ಅಡ್ವಾನ್ಸ್ ಕೊಟ್ಟಿದ್ದೀವಿ, ಊರಿನಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದೀವಿ, ಬರಿಗೈಯಲ್ಲಿ ಹೇಗೆ ಹೋಗೋದು ಅನ್ನುವ ಯೋಚನೆ. ದೂರದಿಂದ ಬಂದ ಗಿರಾಕಿಯ ಈ ಸಂಕಟ ಮಾರುವವನಿಗೆ ಚೆನ್ನಾಗಿ ಗೊತ್ತು. ಆ ಸೇಲ್ಸ್‌ಮನ್ ಕಾರಿನ ಬಗ್ಗೆ ಮಾತಾಡಿದ್ದಕ್ಕಿಂತ ನಾವು ಎಷ್ಟು ದೂರದಿಂದ ಬಂದಿದ್ದೀವಿ ಅಂತ ಮಾತಾಡಿದ್ದೇ ಜಾಸ್ತಿ.

ಚೌಕಾಸಿ ನಿಂತದ್ದು ಕಾಗದ ನೋಡಿದ ಮೇಲೆ. ಯುರೋಪಿನ ಆರ್‌ಸಿಯಲ್ಲಿ ಪ್ರತಿ ಖಾನೆಗೂ ಒಂದು ಇಂಗ್ಲಿಷ್ ಅಕ್ಷರ ಇರುತ್ತೆ, ಭಾಷೆ ಯಾವುದಾದರೂ ಅಕ್ಷರ ಅದೇ. ‘ಇ’ ಅಂದರೆ ಚಾಸಿ ನಂಬರ್. ‘ಬಿ’ ಅಂದರೆ ಮೊದಲ ನೋಂದಣಿ ದಿನಾಂಕ. ನಮಗೆ ಮೊದಲು ಕಳಿಸಿದ್ದ ಫೋಟೋದಲ್ಲಿ ಆ ಖಾನೆ ಬೆರಳಿನಿಂದ ಮುಚ್ಚಿತ್ತು, ಗುಟ್ಟು ಕಾಯಲು ಅಂದಿದ್ದರು. ಮೂಲ ಕಾಗದದಲ್ಲಿ ಇದ್ದದ್ದು 1976ರ ನವೆಂಬರ್. ಕಾರು ತಯಾರಾದದ್ದು 1974ರಲ್ಲೇ ಇರಬಹುದು. 1973ರ ತೈಲ ಬಿಕ್ಕಟ್ಟಿನ ನಂತರ ಇಂಥ ಪೆಟ್ರೋಲ್ ಕುಡಿಯುವ ಕಾರು ಮಾರಾಟ ಆಗದೆ ನಿಂತಿದ್ದರೆ ಆಶ್ಚರ್ಯ ಇಲ್ಲ. ಆದರೆ ನಮ್ಮ ಆಮದು ನಿಯಮದ 50 ವರ್ಷ ಲೆಕ್ಕ ಹಾಕೋದು ಮೊದಲ ನೋಂದಣಿಯಿಂದ, ತಯಾರಾದ ವರ್ಷದಿಂದ ಅಲ್ಲ. ನಾವು ಅಲ್ಲಿ ನಿಂತಿದ್ದ ದಿನ ಆ ಕಾರಿಗೆ ಭಾರತಕ್ಕೆ ಬರುವ ವಯಸ್ಸೇ ಆಗಿರಲಿಲ್ಲ! ಸೆಕೆಂಡ್‌ಹ್ಯಾಂಡ್ ಕಾರಿನ ಮಾಮೂಲಿ ದಾರಿಯಲ್ಲಿ ತರೋಣ ಅಂದರೆ ಅಲ್ಲಿ ಮೂರು ವರ್ಷಕ್ಕಿಂತ ಹಳೆಯದು ನಡೆಯಲ್ಲ, ಸ್ಟೇರಿಂಗ್ ಬಲಗಡೆ ಇರಬೇಕು.

ಬೇಡ ಅಂದೆವು. ಆಗ ಆ ಎರಡು ಹಾಳೆ ಹೊರಬಂತು. ಫೋನಿನಲ್ಲಿ ಅನುವಾದ ಮಾಡಿ ಓದಿದರೆ, ಕೊಳ್ಳುವವರು ಹಿಂದೆ ಸರಿದರೆ ಅಡ್ವಾನ್ಸ್ ವಾಪಸ್ ಇಲ್ಲ. ಜೊತೆಗೆ ಕಾರು ಶೋರೂಮಿನದಲ್ಲ, ಬೇರೊಬ್ಬ ಮಾಲೀಕರ ಪರವಾಗಿ ಮಾರುತ್ತಿರುವುದು. ಇದ್ದ ಸ್ಥಿತಿಯಲ್ಲೇ ಮಾರಾಟ, ಗ್ಯಾರಂಟಿ ಇಲ್ಲ. ಶೋರೂಮಿನವರು ಮಾಲೀಕರನ್ನು ಕೇಳಿ ಅಂದರು, ಮಾಲೀಕರ ಹೆಸರು ಹೇಳಲ್ಲ ಅಂದರು. ಇಲ್ಲಿಗೆ ಬಂದ ಮೇಲೆ ಅಲ್ಲಿನ ಒಬ್ಬ ವಕೀಲರನ್ನು ವಿಚಾರಿಸಿದೆವು. ಕೇಸು ಹಾಕಬಹುದು, ಆದರೆ ಖರ್ಚು ಕೇಳಿ ಬಾವ ಸುಮ್ಮನಾದರು.

ಹಾಗಾದರೆ ಹೋಗಲೇಬಾರದಾ? ಹೋಗಿ, ಆದರೆ ನಿಮಗಿಂತ ಮೊದಲು ಬೇರೊಬ್ಬರು ಹೋಗಲಿ. ಜರ್ಮನಿಯಲ್ಲಿ ಟಿಯುವಿ, ಡೆಕ್ರಾ ಥರದ ವಾಹನ ತಪಾಸಣೆ ಸಂಸ್ಥೆಗಳ ಎಂಜಿನಿಯರ್‌ಗಳು ದುಡ್ಡು ಕೊಟ್ಟರೆ ಕಾರು ನೋಡಿ ವರದಿ ಕೊಡ್ತಾರೆ. ಅಲ್ಲಿ ಹಳೆಯ ಕಾರಿಗೆ 1ರಿಂದ 5ರವರೆಗೆ ಸ್ಥಿತಿಯ ಅಂಕ ಕೊಡುವ ಪದ್ಧತಿ ಇದೆ, 1 ಅತಿ ಒಳ್ಳೆಯದು. ಮಾರುವವನು ಹೇಳುವ ಅಂಕ ಬೇಡ, ಸ್ವತಂತ್ರ ತಜ್ಞರು ಕೊಟ್ಟದ್ದು ಬೇಕು. ಆ ಕಾರಿನದೇ ಮಾಲೀಕರ ಕ್ಲಬ್ ಇದ್ದರೆ ಇನ್ನೂ ಒಳ್ಳೆಯದು, ಚಾಸಿ ನಂಬರ್ ಹೇಳಿದರೆ ಕಾರಿನ ಜಾತಕವೇ ಗೊತ್ತಿರುವ ಜನ ಅಲ್ಲಿ ಇರ್ತಾರೆ. ಒಳಗೆ ಬಿಡಲ್ಲ, ಲಿಫ್ಟ್ ಕೊಡಲ್ಲ ಅಂದರೆ ನಿಮ್ಮ ಟಿಕೆಟ್ ದುಡ್ಡು ಉಳಿಯಿತು. ಅಡ್ವಾನ್ಸ್ ಕೊಡಲೇಬೇಕಾದರೆ ತಪಾಸಣೆಯಲ್ಲಿ ದೋಷ ಕಂಡರೆ ಪೂರ್ತಿ ವಾಪಸ್ ಅಂತ ಬರಹದಲ್ಲಿ, ನಿಮಗೆ ಓದಲು ಬರುವ ಭಾಷೆಯಲ್ಲಿ ಇರಲಿ. ದುಡ್ಡು ಹಾಕುವ ಮೊದಲು ಖಾತೆ ನಂಬರನ್ನು ಫೋನ್ ಮಾಡಿ ಕೇಳಿ, ಇಮೇಲ್‌ನಲ್ಲಿ ಬಂದದ್ದನ್ನೇ ನಂಬಬೇಡಿ. ನಡುವೆ ಇಮೇಲ್ ಕದ್ದು ಖಾತೆ ಬದಲಿಸುವ ಮೋಸ ಈ ವ್ಯಾಪಾರದಲ್ಲೂ ಇದೆ.

ಕಾರು ಬಂದ ಮೇಲಿನ ಕಥೆಯನ್ನೂ ಈಗಲೇ ಲೆಕ್ಕ ಹಾಕಿ. ಸುಂಕ, ತೆರಿಗೆ ಎಲ್ಲ ಸೇರಿದರೆ ಕಾರಿನ ಬೆಲೆಯನ್ನೇ ಮೀರುತ್ತೆ. 2021ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ. ನಂಬರ್ ಪ್ಲೇಟಿನಲ್ಲಿ ವಿಎ ಅಂತ ಬರುತ್ತೆ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು, ದಿನಾ ಓಡಿಸುವಂತಿಲ್ಲ. ಭಾನುವಾರ ಭಾನುವಾರ ಮಡಿಕೇರಿಗೆ ಹೋಗಿ ಬರ್ತೀನಿ ಅನ್ನುತ್ತಿದ್ದ ಬಾವನಿಗೆ ಇದು ಗೊತ್ತೇ ಇರಲಿಲ್ಲ. ಇನ್ನು ಬಂಕಿನಲ್ಲಿ ಸಿಗುವ ಇ20 (ಶೇಕಡ 20 ಎಥನಾಲ್ ಬೆರೆಸಿದ) ಪೆಟ್ರೋಲಿಗೆ ಐವತ್ತು ವರ್ಷದ ರಬ್ಬರ್ ಪೈಪ್ ತಾಳಲ್ಲ. ಪೈಪ್, ಸೀಲ್, ಕಾರ್ಬೊರೇಟರ್ ಗ್ಯಾಸ್ಕೆಟ್ ಎಲ್ಲ ಬದಲಿಸಬೇಕು. ಎಂಜಿನ್ ಬೆನ್ನ ಹಿಂದೆಯೇ ಇರುವ ಕಾರಿನಲ್ಲಿ ಪೆಟ್ರೋಲ್ ಸೋರಿದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ತೇವಕ್ಕೆ ಒಣ ಕೋಣೆ ಬೇರೆ ಕಟ್ಟಬೇಕು.

ಮೊನ್ನೆ ನೋಡಿದರೆ ಅದೇ ಹಳದಿ ಕಾರು ಮತ್ತೆ ಮಾರಾಟಕ್ಕೆ ಬಂದಿದೆ. ಬೆಲೆ ಸ್ವಲ್ಪ ಇಳಿದಿದೆ, ಫೋಟೋ ಹೊಸದು, ಕಾರು ಈ ಸಲವೂ ಒದ್ದೆ. ಕಾರಿನ ವರ್ಷ ಈಗಲೂ 1974 ಅಂತಲೇ ಬರೆದಿದ್ದಾರೆ. ದಕ್ಷಿಣ ಜರ್ಮನಿಯ ಹಳದಿ ಪ್ಯಾಂಟೆರಾ ಯಾರ ಕಣ್ಣಿಗಾದರೂ ಬಿದ್ದಿದ್ದರೆ ಮೊದಲು ‘ಬಿ’ ಖಾನೆಯ ಫೋಟೋ ಕೇಳಿ. ಚಾಸಿ ನಂಬರ್ ಹೊಂದಿಸಿ ನೋಡಬೇಕು ಅನ್ನುವವರು ನನ್ನನ್ನು ಕೇಳಿ, ನಂಬರೂ ಇದೆ, ಜಾಕ್ ಕೊಡುವ ಜಾಗದ ಫೋಟೋನೂ ಇದೆ.