ಹತ್ತು ಮೀಟರಿನ ನವಾರು ಕಣ್ಣಿ: ಪಾರ್ಕಿನಲ್ಲಿ ನಾಯಿಯನ್ನು ಬಿಡುವ ಮುನ್ನ ಕೈಯಲ್ಲಿರಬೇಕಾದ ವಸ್ತು

ಏಳು ತಿಂಗಳಿನಿಂದ ದಿನಕ್ಕೆ ಎರಡು ಹೊತ್ತು ನಾನು ಬಳಸುತ್ತಿರುವ ಒಂದು ವಸ್ತುವಿನ ವಿಮರ್ಶೆಯಿದು. ಹತ್ತು ಮೀಟರ್ ಉದ್ದ, 20 ಮಿಲಿಮೀಟರ್ ಅಗಲದ ದಪ್ಪ ನವಾರು ಪಟ್ಟಿ; ಒಂದು ತುದಿಯಲ್ಲಿ ಹಿತ್ತಾಳೆಯ ಗಿರಕಿ ಕೊಕ್ಕೆ, ಇನ್ನೊಂದು ತುದಿಯಲ್ಲಿ ಹಿಡಿಯೂ ಇಲ್ಲ, ಕುಣಿಕೆಯೂ ಇಲ್ಲ. ಚಿಕ್ಕಪೇಟೆಯ ಒಳಗಲ್ಲಿಯಲ್ಲಿ ಬ್ಯಾಗಿನ ಪಟ್ಟಿಗಳನ್ನು ಹೊಲಿದುಕೊಡುವ ಪುಟ್ಟ ಅಂಗಡಿಯೊಂದರಲ್ಲಿ ಅಳತೆ ಕೊಟ್ಟು ಮಾಡಿಸಿದೆ. ಕೊಕ್ಕೆಯೂ ಸೇರಿ 620 ರೂಪಾಯಿ ಆಯಿತು. ಅಳತೆ ಕೇಳಿದ ಅಂಗಡಿಯ ಹಿರಿಯರು "ಏನಮ್ಮಾ, ಕರು ಕಟ್ಟೋಕೆ ಕಣ್ಣಿ ಬೇಕಿತ್ತಾ?" ಎಂದರು. ನಾಯಿ ತರಬೇತುದಾರರು ಇದನ್ನು ಲಾಂಗ್ ಲೈನ್ ಎನ್ನುತ್ತಾರೆ; ನಮ್ಮ ಮನೆಯಲ್ಲಿ ಮಾತ್ರ ಅಂದಿನಿಂದ ಇದರ ಹೆಸರು ಕಣ್ಣಿ ಎಂದೇ ನಿಂತುಹೋಗಿದೆ.

ಇದನ್ನು ಮಾಡಿಸಬೇಕಾಗಿ ಬಂದ ಸಂದರ್ಭವನ್ನು ಮುಚ್ಚಿಡದೆ ಹೇಳಬೇಕು. ನಮ್ಮ ಕೆಂಚನಿಗೆ ಮೂರು ವರ್ಷ. ಮುಧೋಳ ತಳಿಯ ಬೆರಕೆ. ಜಯನಗರದ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೆಳಗಿನ ಜಾವ ಜನ ಕಡಿಮೆ ಇರುತ್ತಾರೆಂದು ನಾನು ಅವನನ್ನು ಬಿಚ್ಚಿ ಬಿಡುತ್ತಿದ್ದೆ, ಕರೆದರೆ ಬರುತ್ತಾನೆಂದು ನಂಬಿದ್ದೆ. ಒಂದು ದಿನ ಅಳಿಲಿನ ಬೆನ್ನು ಹತ್ತಿದವನು ತಿರುವಿನಲ್ಲಿ ಎದುರಾದ ವಯಸ್ಸಾದ ತಾಯಿಯೊಬ್ಬರ ಮೇಲೆ ಹಾರಿದ. ಅವರು ಬೆಂಚು ಹಿಡಿದು ಹೇಗೋ ನಿಂತರು, ಆದರೆ ಮುಂಗೈಯಲ್ಲಿ ಉಗುರಿನ ಗೀರು ಕೆಂಪಗೆ ಎದ್ದಿತು. ಓಡಿಬಂದ ನಾನು ಮೊದಲು ಹೇಳಿದ ಮಾತು, "ಹೆದರಬೇಡಿ, ಅವನು ಏನೂ ಮಾಡೋದಿಲ್ಲ" ಎಂಬುದು. ಅವರು ಉಸಿರು ಸುಧಾರಿಸಿಕೊಂಡು ಹೇಳಿದರು: "ಏನೂ ಮಾಡೋದಿಲ್ಲ ಅಂತ ನಿಮಗೆ ಗೊತ್ತಮ್ಮಾ, ನನಗೆ ಹೇಗೆ ಗೊತ್ತಾಗಬೇಕು?"

ನಲ್ಲಿಯ ಕೆಳಗೆ ಹದಿನೈದು ನಿಮಿಷ ಸೋಪು ಹಚ್ಚಿ ಕೈ ತೊಳೆಸಿ ಆಸ್ಪತ್ರೆಗೆ ಕರೆದೊಯ್ದೆ. ಕೆಂಚನಿಗೆ ವರ್ಷವರ್ಷವೂ ರೇಬಿಸ್ ಲಸಿಕೆ ಹಾಕಿಸಿರುವ ಪುಸ್ತಕವನ್ನು ತೋರಿಸಿದರೂ, ಚರ್ಮ ಗೀರಿದ್ದರೆ ರಕ್ತ ಬಾರದಿದ್ದರೂ ಲಸಿಕೆ ಹಾಕಿಸಿಕೊಳ್ಳುವುದೇ ಸರಿಯೆಂದು ವೈದ್ಯರು ಹೇಳಿದರು. ಅದು ಒಂದೇ ಚುಚ್ಚುಮದ್ದಿಗೆ ಮುಗಿಯುವುದಲ್ಲ. ಮೊದಲ ದಿನ, ಆಮೇಲೆ 3ನೇ ದಿನ, 7ನೇ ದಿನ, 28ನೇ ದಿನ. ನಾಲ್ಕು ಸಲವೂ ನಾನೇ ಆಟೋದಲ್ಲಿ ಅವರನ್ನು ಕರೆದುಕೊಂಡು ಹೋದೆ. ಎಪ್ಪತ್ತು ದಾಟಿದ, ಮಂಡಿನೋವಿನ ಒಬ್ಬರು ನನ್ನ ಒಂದು ನಿಮಿಷದ ಉದಾಸೀನಕ್ಕಾಗಿ ತಿಂಗಳೊಂದರಲ್ಲಿ ನಾಲ್ಕು ಸಲ ಸರದಿಯಲ್ಲಿ ಕುಳಿತರು. ಅವರು ನನ್ನ ಮೇಲೆ ದೂರು ಕೊಡಲಿಲ್ಲ, ಕೊಡಬಹುದಾಗಿತ್ತು. ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯವಾಗದಂತೆ, ತೀವ್ರ ಗಾಯವಾಗದಂತೆ ನೋಡಿಕೊಳ್ಳುವಲ್ಲಿ ನಿರ್ಲಕ್ಷ್ಯ ತೋರಿದವರಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಅವಕಾಶ ಕೊಡುತ್ತದೆ. ಹಳೆಯ ದಂಡ ಸಂಹಿತೆಯಲ್ಲಿ ಇದೇ ಅಪರಾಧ 289ನೇ ಕಲಮಿನಲ್ಲಿತ್ತು, ದಂಡ 1,000 ರೂಪಾಯಿಯಷ್ಟೇ ಇತ್ತು.

ಇನ್ನು ವಸ್ತುವಿನ ವಿಚಾರ. ನಾಯಿಯನ್ನು ಗಿಡ್ಡ ಹಗ್ಗದಲ್ಲೇ ಸದಾ ಎಳೆದಾಡಿದರೆ ಅದಕ್ಕೆ ಮೂಸಲು, ಸುತ್ತಲು, ಓಡಲು ಅವಕಾಶವಾಗುವುದಿಲ್ಲ. ಬಿಚ್ಚಿ ಬಿಟ್ಟರೆ ಕಣ್ಣಿ ಕಿತ್ತ ಕರುವಿನಂತೆ ಅದು ಹೋದದ್ದೇ ದಾರಿ. ಉದ್ದ ಕಣ್ಣಿ ಈ ಎರಡರ ನಡುವಿನ ದಾರಿ. ನಾಯಿ ಹತ್ತು ಮೀಟರ್ ಆಚೆ ಹುಲ್ಲಿನಲ್ಲಿ ತನ್ನ ಪಾಡಿಗೆ ತಾನು ಮೂಸುತ್ತಿರುತ್ತದೆ. ಆದರೆ ಎದುರಿನಿಂದ ಮಗುವೊಂದು ಬಂದರೆ ನಾಯಿಯನ್ನು ತಡೆಯುವ ಶಕ್ತಿ ನನ್ನ ಕೈಯಲ್ಲೇ ಇರುತ್ತದೆ.

ನವಾರನ್ನೇ ಆರಿಸಲು ಕಾರಣವಿದೆ. ಮೊದಲು ನಾನು ತಂದದ್ದು ಆನ್‌ಲೈನಿನಲ್ಲಿ ಸಿಕ್ಕ ತೆಳು ನೈಲಾನ್ ಹಗ್ಗ. ಅದು ಹಗುರ, ಅಗ್ಗ, ಬೇಗ ಒಣಗುತ್ತದೆ. ಆದರೆ ನಾಯಿ ಓಡಿದಾಗ ಅಂಗೈಯಲ್ಲಿ ಸರ್ರನೆ ಜಾರಿ ಚರ್ಮವನ್ನು ಸುಡುತ್ತದೆ. ಎರಡನೇ ದಿನವೇ ನನ್ನ ಬಲಗೈಯ ತೋರುಬೆರಳಿನ ಬುಡದಲ್ಲಿ ಬೊಬ್ಬೆ ಎದ್ದಿತು. ನವಾರು ಒರಟಾಗಿರುವುದರಿಂದ ಹಿಡಿತಕ್ಕೆ ಸಿಗುತ್ತದೆ, ಸುಡುವುದು ಬಹಳ ಕಡಿಮೆ. ಹಾಗೆಂದು ಬರಿಗೈಯಲ್ಲಿ ಹಿಡಿಯಿರಿ ಎನ್ನಲಾರೆ. ತೋಟದ ಕೆಲಸಕ್ಕೆ ಬಳಸುವ ಸಾದಾ ಕೈಗವಸು ಸಾಕು. ಬೆರಳಿಗೆ, ಮುಂಗೈಗೆ ಇದನ್ನು ಸುತ್ತಿಕೊಳ್ಳಲೇಬಾರದು, ನಾಯಿ ಒಮ್ಮೆ ಜಗ್ಗಿದರೆ ಬೆರಳು ಮುರಿದೀತು. ಮಡಿಕೆ ಮಡಿಕೆಯಾಗಿ ಅಂಗೈಯಲ್ಲಿ ಹಿಡಿದು, ಬೇಕಾದಷ್ಟನ್ನೇ ಬಿಡುತ್ತಾ ಹೋಗಬೇಕು. ಎರಡೆರಡು ಮೀಟರಿಗೆ ಒಂದು ಗಂಟು ಹಾಕಿಕೊಂಡಿದ್ದೇನೆ: ಕತ್ತಲಲ್ಲೂ ಎಷ್ಟು ಬಿಟ್ಟಿದ್ದೇನೆಂದು ಬೆರಳಿಗೆ ತಿಳಿಯುತ್ತದೆ, ಜಾರಿದರೆ ಗಂಟಿನ ಮೇಲೆ ಕಾಲಿಟ್ಟು ನಿಲ್ಲಿಸಬಹುದು. ತುದಿಯಲ್ಲಿ ಕುಣಿಕೆ ಬೇಡವೆಂದದ್ದೂ ಯೋಚಿಸಿಯೇ. ಕೈತಪ್ಪಿ ಎಳೆದುಕೊಂಡು ಹೋದಾಗ ಕುಣಿಕೆ ಬೇರಿಗೋ ಬೆಂಚಿನ ಕಾಲಿಗೋ ಸಿಕ್ಕಿಕೊಳ್ಳುತ್ತದೆ.

ಮಳೆಗಾಲದಲ್ಲಿ ನವಾರು ಸೋಲುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬೆಂಗಳೂರಿನ ಹುಲ್ಲು ಯಾವಾಗಲೂ ಒದ್ದೆ. ಪಟ್ಟಿ ನೀರು ಕುಡಿದು ಭಾರವಾಗುತ್ತದೆ, ಕೆಮ್ಮಣ್ಣು ಮೆತ್ತಿಕೊಳ್ಳುತ್ತದೆ, ಬಾಲ್ಕನಿಯಲ್ಲಿ ಒಣಗಲು ಎರಡು ದಿನ ಹಿಡಿಯುತ್ತದೆ, ಅಷ್ಟರಲ್ಲಿ ಮುಗ್ಗಲು ವಾಸನೆ ಬರುತ್ತದೆ. ಮಳೆಯಲ್ಲೇ ಹೆಚ್ಚು ಅಡ್ಡಾಡುವವರು ಬಯೋಥೇನ್ ಪಟ್ಟಿಯನ್ನು ನೋಡಬಹುದು. ಪಾಲಿಯೆಸ್ಟರ್ ನೇಯ್ಗೆಗೆ ಪ್ಲಾಸ್ಟಿಕ್ ಹೊದಿಕೆ ಕೊಟ್ಟಿರುವ ಆ ಪಟ್ಟಿ ನೀರು ಹೀರುವುದಿಲ್ಲ, ಒರೆಸಿದರೆ ಸ್ವಚ್ಛ. ಬೆಲೆ ಮಾತ್ರ ನನ್ನ ಕಣ್ಣಿಯ ಹಲವು ಪಟ್ಟು.

ಅಂಗಡಿಯ ಹೊಲಿಗೆಯಲ್ಲೂ ಒಂದು ದೋಷ ಕಂಡಿತು. ನಾಲ್ಕನೇ ತಿಂಗಳಲ್ಲಿ ಕೊಕ್ಕೆಯ ಬಳಿಯ ನೂಲು ಬಿಡತೊಡಗಿತ್ತು. ಎರಡು ಸಾಲು ಅಡ್ಡ ಹೊಲಿಗೆ ಮಾತ್ರ ಹಾಕಿದ್ದರು. ಬ್ಯಾಗಿಗೆ ಅಷ್ಟು ಸಾಕು, ಇಪ್ಪತ್ತೆರಡು ಕಿಲೋದ ನಾಯಿಯ ಜಗ್ಗಿಗೆ ಸಾಲದು. ತೆಗೆದುಕೊಂಡು ಹೋದಾಗ ಹಣ ಕೇಳದೆ ಚೌಕದೊಳಗೆ ಗುಣಾಕಾರದ ಗುರುತು (×) ಬರುವಂತೆ ಮತ್ತೆ ಹೊಲಿದುಕೊಟ್ಟರು. ಮಾಡಿಸುವವರು ಮೊದಲೇ ಹಾಗೆ ಹೊಲಿಯಲು ಹೇಳಬೇಕು, ವಾರಕ್ಕೊಮ್ಮೆ ಆ ಜಾಗವನ್ನು ಬೆಳಕಿಗೆ ಹಿಡಿದು ನೋಡಬೇಕು.

ಕಣ್ಣಿಯಷ್ಟೇ ಮುಖ್ಯವಾದದ್ದು ಅದನ್ನು ಎಲ್ಲಿಗೆ ಸಿಕ್ಕಿಸುತ್ತೀರಿ ಎಂಬುದು. ಕೊರಳಪಟ್ಟಿಗೆ ಸಿಕ್ಕಿಸಲೇಬಾರದು. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಓಡುವ ನಾಯಿ ಹತ್ತು ಮೀಟರನ್ನು ಒಂದೇ ಸೆಕೆಂಡಿನಲ್ಲಿ ದಾಟುತ್ತದೆ. ಆ ವೇಗದಲ್ಲಿ ಕಣ್ಣಿ ಮುಗಿದರೆ ಏಟು ನೇರವಾಗಿ ಗಂಟಲಿಗೂ ಕುತ್ತಿಗೆಯ ಮೂಳೆಗೂ ಬೀಳುತ್ತದೆ. ಎದೆ ಬಳಸಿ ಬರುವ ಹಾರ್ನೆಸ್ಸಿನ ಬೆನ್ನಿನ ಬಳೆಗೇ ಸಿಕ್ಕಿಸಬೇಕು. ಮುಧೋಳದಂತಹ ತಳಿಗಳಲ್ಲಿ ಇನ್ನೊಂದು ತೊಡಕಿದೆ. ಬಾಗಲಕೋಟೆ ಜಿಲ್ಲೆಯ ಈ ಬೇಟೆನಾಯಿಗೆ ತಲೆ ಕಿರಿದು, ಕೊರಳು ಉದ್ದ, ಎದೆ ಆಳ, ಸೊಂಟ ಸಣ್ಣ. ಹಿಂದಕ್ಕೆ ಜಗ್ಗಿದರೆ ಮಾಮೂಲಿ ಕೊರಳಪಟ್ಟಿಯೂ ಸಾಧಾರಣ ಹಾರ್ನೆಸ್ಸೂ ತಲೆಯ ಮೇಲಿಂದ ಜಾರಿ ಬರುತ್ತವೆ. ಪಕ್ಕೆಲುಬುಗಳ ಹಿಂದೆ ಸೊಂಟವನ್ನು ಬಳಸುವ ಮೂರನೇ ಪಟ್ಟಿಯಿರುವ ಹಾರ್ನೆಸ್ ಇವಕ್ಕೆ ಬೇಕು. ಇವು ಮೂಗಿಗಿಂತ ಕಣ್ಣಿನಿಂದ ಬೇಟೆಯಾಡುವ ನಾಯಿಗಳು. ಕದಲುವುದೊಂದು ಕಣ್ಣಿಗೆ ಬಿತ್ತೆಂದರೆ ಕಿವಿ ಕೇಳಿಸದಂತಾಗುತ್ತದೆ. ಅದು ಅವಿಧೇಯತೆಯಲ್ಲ, ನೂರಾರು ವರ್ಷ ನಾವೇ ಆರಿಸಿ ಬೆಳೆಸಿದ ಗುಣ. ಮುಧೋಳವನ್ನು ಪ್ರೀತಿಯಿಂದ ಸಾಕುವವಳಾಗಿ ಹೇಳುತ್ತೇನೆ: ಬೇಲಿಯಿಲ್ಲದ ಜಾಗದಲ್ಲಿ ಈ ತಳಿಯನ್ನು ಎಂದೂ ಪೂರ್ತಿ ಬಿಡಬೇಡಿ.

ತಾನೇ ಒಳಗೆ ಸುತ್ತಿಕೊಳ್ಳುವ, ಗುಂಡಿ ಒತ್ತಿದರೆ ನಿಲ್ಲುವ ಹಗ್ಗದ ಡಬ್ಬಿಗಳು ಎಲ್ಲ ಪೆಟ್ ಶಾಪ್‌ಗಳಲ್ಲೂ ಇವೆ. ಅವು ಕಣ್ಣಿಗೆ ಬದಲಿಯಲ್ಲ. ಹಗ್ಗ ಸದಾ ಬಿಗಿಯಾಗಿರುವುದರಿಂದ ಎಳೆದರೆ ಜಾಗ ಸಿಗುತ್ತದೆಂದು ನಾಯಿ ಕಲಿಯುತ್ತದೆ; ಡಬ್ಬಿ ಕೈತಪ್ಪಿ ಬಿದ್ದರೆ ಸದ್ದು ಮಾಡುತ್ತಾ ಹಿಂದೆಯೇ ಬರುವ ಅದಕ್ಕೆ ಹೆದರಿ ನಾಯಿ ರಸ್ತೆಗೆ ಓಡಬಹುದು.

ಈ ಕಣ್ಣಿ ತಡೆಗಿಂತ ಹೆಚ್ಚಾಗಿ ಕಲಿಕೆಯ ಸಾಧನ. ಕರೆದಾಗ ಬರುವುದನ್ನು ಕಲಿಸಲು ಮನೆಯಲ್ಲಿ ದಿನವಿಡೀ ಬಳಸುವ "ಬಾ" ಎಂಬ ಮಾತು ಕೆಲಸಕ್ಕೆ ಬರಲಿಲ್ಲ. ಸ್ನಾನಕ್ಕೂ ಬೈಯುವುದಕ್ಕೂ ಅದನ್ನೇ ಹೇಳಿ ಸವೆಸಿಬಿಟ್ಟಿದ್ದೆ. "ಓಡಿಬಾ" ಎಂಬ ಹೊಸ ಕರೆಯನ್ನು ಆರಿಸಿ, ಹತ್ತು ದಿನ ಮನೆಯೊಳಗೇ ಹೇಳಿ, ಬಂದ ಕೂಡಲೇ ಬೇಯಿಸಿದ ಕೋಳಿಯ ಚೂರು ಕೊಟ್ಟೆ. ನಂತರ ತಾರಸಿ, ನಂತರ ಖಾಲಿ ಪಾರ್ಕು, ನಂತರ ಜನರಿರುವ ಪಾರ್ಕು. ಒಂದೇ ಸಲ ಕರೆಯಬೇಕು. ಬಾರದಿದ್ದರೆ ಕೂಗುತ್ತಾ ನಿಲ್ಲದೆ, ಜಗ್ಗದೆ, ಕಣ್ಣಿಯನ್ನು ಮಡಿಚಿಕೊಳ್ಳುತ್ತಾ ಹತ್ತಿರ ಹೋಗಬೇಕು. ಬಂದ ಹತ್ತು ಸಲದಲ್ಲಿ ಒಂಬತ್ತು ಸಲ ತಿಂಡಿ ಕೊಟ್ಟು ಮತ್ತೆ ಮೂಸಲು ಬಿಡಬೇಕು. ಪ್ರತಿ ಕರೆಯೂ ಮನೆಗೆ ಹೊರಡುವ ಸೂಚನೆಯಾದರೆ ಯಾವ ನಾಯಿಯೂ ಬರುವುದಿಲ್ಲ. ತಡವಾಗಿ ಬಂದ ನಾಯಿಗೆ ಹೊಡೆಯುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ, ಬಂದದ್ದಕ್ಕೇ ಏಟು ಬಿತ್ತೆಂದಲ್ಲವೇ ಅದು ತಿಳಿಯುವುದು? ಏಳು ತಿಂಗಳ ನಂತರ ಎದುರಿಗೆ ಮನುಷ್ಯರಿದ್ದರೂ, ಬೇರೆ ನಾಯಿಗಳಿದ್ದರೂ ಕೆಂಚ ಮೊದಲ ಕರೆಗೇ ತಿರುಗುತ್ತಾನೆ. ಅಳಿಲು ಕಂಡರೆ ಮಾತ್ರ ಇನ್ನೂ ತಿರುಗುವುದಿಲ್ಲ. ಹಾಗಾಗಿ ಕೊಕ್ಕೆ ಇನ್ನೂ ಬಿಚ್ಚಿಲ್ಲ.

ಕಣ್ಣಿಯನ್ನು ಎಲ್ಲೆಂದರಲ್ಲಿ ಹರಡಲಾಗದು. ನಡೆಯುವ ಹಾದಿಯ ಮೇಲೆ ಹತ್ತು ಮೀಟರ್ ಪಟ್ಟಿ ಬಿದ್ದಿದ್ದರೆ ಅದೇ ಇನ್ನೊಬ್ಬರ ಕಾಲಿಗೆ ತೊಡರು. ಹಾದಿಯಲ್ಲಿ ಒಂದೂವರೆ ಮೀಟರಿಗೆ ಮಡಿಚಿ ಹಿಡಿದು, ಹುಲ್ಲಿನ ಬಯಲು ಸಿಕ್ಕಾಗಲೇ ಬಿಡುತ್ತೇನೆ. ಭಾನುವಾರ, ವಾಹನಗಳಿಲ್ಲದ ಬೆಳಗಿನಲ್ಲಿ ಕಬ್ಬನ್ ಪಾರ್ಕಿಗೆ ಹೋಗುತ್ತೇವೆ. 1870ರಲ್ಲಿ ರಿಚರ್ಡ್ ಸ್ಯಾಂಕಿ ರೂಪಿಸಿದ, 1927ರಿಂದ ಅಧಿಕೃತವಾಗಿ ಶ್ರೀ ಚಾಮರಾಜೇಂದ್ರ ಉದ್ಯಾನವೆನಿಸಿರುವ ಆ ಜಾಗದಲ್ಲಿ ಬಿದಿರು ಮೆಳೆಗಳ ಆಚೆಯ ತೆರವು ಈ ಉದ್ದ ಕಣ್ಣಿಗೆ ಹೇಳಿಮಾಡಿಸಿದಂತಿದೆ. 2022ರಲ್ಲಿ ಸಾಕುನಾಯಿಗಳನ್ನೇ ಅಲ್ಲಿ ನಿಷೇಧಿಸಲು ತೋಟಗಾರಿಕೆ ಇಲಾಖೆ ಮುಂದಾಗಿ, ನಾಯಿ ಸಾಕುವವರ ಮನವಿಯ ನಂತರ ಅದನ್ನು ಮುಂದೂಡಿತು. ಬಿಚ್ಚಿದ ನಾಯಿಗಳು, ಎತ್ತದೆ ಬಿಟ್ಟ ಮಲ, ಇವೇ ಅಂದಿನ ದೂರುಗಳಾಗಿದ್ದವು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಪಾರ್ಕುಗಳಿಂದ ಸಾಕುಪ್ರಾಣಿಗಳನ್ನು ಪೂರ್ತಿ ಹೊರಗಿಡುವುದು ದೂರದೃಷ್ಟಿಯಲ್ಲವೆಂದು ಹೇಳುತ್ತದೆ, ಜೊತೆಗೇ ಸಾರ್ವಜನಿಕ ಜಾಗದಲ್ಲಿ ಹಗ್ಗ ಹಾಕಿ, ಮಲ ಎತ್ತಿ ಎಂದೂ ಕೇಳುತ್ತದೆ. ಮೊದಲ ಮಾತನ್ನು ಉಲ್ಲೇಖಿಸುವ ನಾವು ಎರಡನೆಯದನ್ನೂ ಪಾಲಿಸಬೇಕಲ್ಲವೇ? ಪ್ರವೇಶವಿಲ್ಲವೆಂಬ ಫಲಕವಿರುವ ಕಡೆ, ಲಾಲ್‌ಬಾಗ್‌ನಂತಹ ಜಾಗದಲ್ಲಿ, ಕಣ್ಣಿ ಇದ್ದರೂ ನಾಯಿಯನ್ನು ಒಯ್ಯುವಂತಿಲ್ಲ.

ಬೀದಿನಾಯಿಗಳಿರುವ ಪಾರ್ಕಿನಲ್ಲಿ ಬಳಸುವಾಗ ಎಚ್ಚರ ಹೆಚ್ಚು ಬೇಕು. 2023ರ ಸಮೀಕ್ಷೆಯಲ್ಲಿ ನಗರದಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳನ್ನು ಬಿಬಿಎಂಪಿ ಅಂದಾಜಿಸಿತ್ತು. ಪ್ರತಿ ಪಾರ್ಕಿಗೂ ತನ್ನದೇ ನಾಲ್ಕೈದು ಕಾವಲಿನವರಿದ್ದಾರೆ. ನಮ್ಮ ಪಾರ್ಕಿನ ಕಂದು ಹೆಣ್ಣುನಾಯಿಯ ಕಿವಿಯ ತುದಿಯನ್ನು ಕತ್ತರಿಸಿದ್ದಾರೆ, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆಯೆಂಬ ಗುರುತದು. ಕೆಂಚ ಬಿಚ್ಚಿಕೊಂಡಿದ್ದಾಗ ಅವಳು ಪ್ರತಿದಿನ ಬೊಗಳಿ ಅಟ್ಟಿಸಿಕೊಂಡು ಬರುತ್ತಿದ್ದಳು. ಈಗ ಅವಳು ಮಲಗುವ ಹೊಂಗೆಮರದಿಂದ ದೂರ ಬಳಸಿ ಹೋಗುತ್ತೇವೆ, ಕಣ್ಣಿಯನ್ನು ಸಡಿಲವಾಗಿಯೇ ಬಿಡುತ್ತೇನೆ; ಹೆದರಿ ಬಿಗಿಹಿಡಿದರೆ ಆ ಬಿಗಿತವೇ ನಾಯಿಗೆ ಜಗಳದ ಸೂಚನೆಯಾಗುತ್ತದೆ.

ಯಾರು ಮಾಡಿಸಬಾರದು ಎಂಬುದನ್ನೂ ಹೇಳುತ್ತೇನೆ. ಕೈಯಲ್ಲಿ ಹಿಡಿತ ಕಡಿಮೆಯಿರುವವರು, ಮಕ್ಕಳು, ಮೂವತ್ತು ಕಿಲೋ ಮೀರಿದ ನಾಯಿಯನ್ನು ಒಬ್ಬರೇ ಸಂಭಾಳಿಸುವವರು ಹತ್ತು ಮೀಟರಿಗೆ ಹೋಗದೆ ಐದು ಮೀಟರಿನಿಂದ ಶುರುಮಾಡಬೇಕು. ಮೊಬೈಲ್ ನೋಡುತ್ತಾ ನಡೆಯುವ ಅಭ್ಯಾಸವಿರುವವರಿಗಂತೂ ಇದು ಬೇಡವೇ ಬೇಡ, ಇದಕ್ಕೆ ಎರಡು ಕೈಯೂ ಎರಡು ಕಣ್ಣೂ ಬೇಕು. ನಮ್ಮ ಬಡಾವಣೆಯ ಪಾರ್ಕು ಚಿಕ್ಕದಾದ್ದರಿಂದ ನಾನೂ ಹೋದ ವಾರ ಅದೇ ಅಂಗಡಿಯಲ್ಲಿ ಐದು ಮೀಟರಿನದೊಂದನ್ನು ಹೇಳಿಬಂದಿದ್ದೇನೆ. ಈ ಸಲ ಕೊಕ್ಕೆಯ ಹೊಲಿಗೆ ಹೇಗಿರಬೇಕೆಂದು ಚೀಟಿಯಲ್ಲಿ ಚಿತ್ರ ಬರೆದೇ ಕೊಟ್ಟಿದ್ದೇನೆ.